ಎಂಟು ವಾರದ ಕೋರ್ಸು, ಮೂರು ನಿಮಿಷದ ಆ್ಯಪು: ಹೊಸಬರು ಮೈಂಡ್‌ಫುಲ್‌ನೆಸ್ ಎಲ್ಲಿಂದ ಶುರು ಮಾಡೋದು?

ಈಗ ಮೈಂಡ್‌ಫುಲ್‌ನೆಸ್, ಅಂದ್ರೆ ಈ ಕ್ಷಣ ನಡೀತಿರೋದರ ಕಡೆ ಗಮನ ಇಡೋ ಅಭ್ಯಾಸ, ಅನ್ನೋ ಮಾತು ಕೇಳದೆ ಇರೋ ಜಾಗಾನೇ ಇಲ್ಲ. ನಿದ್ದೆ ಬರ್ತಿಲ್ವಾ, ಮೈಂಡ್‌ಫುಲ್‌ನೆಸ್. ಬಿಪಿ ಜಾಸ್ತಿ ಆಯ್ತಾ, ಮೈಂಡ್‌ಫುಲ್‌ನೆಸ್. ಮಕ್ಕಳು ಓದಕ್ಕೆ ಕೂರ್ತಿಲ್ಲ ಅಂದ್ರೆ ಅದಕ್ಕೂ ಅದೇ, ಆಫೀಸಲ್ಲಿ ಕೆಲಸ ವಿಪರೀತ ಆಗಿ ಜನ ಬಿಟ್ಟು ಹೋಗ್ತಿದ್ರೆ ಎಚ್‌ಆರ್‌ನೋರು ಶುಕ್ರವಾರ ಮಧ್ಯಾಹ್ನ ಒಂದು ಸೆಷನ್ ಇಡಿಸ್ತಾರೆ. ಇಷ್ಟೊಂದು ಕಾಯಿಲೆಗೆ ಒಂದೇ ಮದ್ದು ಅಂದಾಗ ಯಾರಿಗಾದ್ರೂ ಡೌಟ್ ಬರಬೇಕು, ಬರೋದೇ ಒಳ್ಳೇದು. ಹಾಗಂತ ಪೂರ್ತಿ ತಳ್ಳಿಹಾಕೋ ಹಾಗೂ ಇಲ್ಲ, ಯಾಕಂದ್ರೆ ಇದರ ಹಿಂದೆ ವರ್ಷಗಟ್ಟಲೆ ಕೆಲಸ ನಡೆದಿದೆ, ಕೆಲವರಿಗೆ ಚೆನ್ನಾಗೇ ಉಪಯೋಗ ಆಗಿದೆ. ತೊಂದರೆ ಇರೋದು ಎಲ್ಲಿ ಅಂದ್ರೆ ಉಪಯೋಗ ಕಂಡಿದ್ದು ಒಂದು ಥರದ ಅಭ್ಯಾಸದಲ್ಲಿ, ಅದನ್ನ ತೋರಿಸಿ ಮಾರ್ತಿರೋದು ಇನ್ನೊಂದು ಥರದ್ದನ್ನ. ಹೊಸದಾಗಿ ಶುರು ಮಾಡೋರು ಈ ಎರಡರ ಮಧ್ಯೆ ಸಿಕ್ಕಿಕೊಂಡು, ನಾಲ್ಕು ದಿನ ಕಣ್ಣು ಮುಚ್ಚಿ ಕೂತು, ‘ಇದು ನಮ್ಮಂಥೋರಿಗಲ್ಲ’ ಅಂತ ಎದ್ದುಬಿಡ್ತಾರೆ.

ಮೊದಲು ಆ ಒಂದು ಥರದ್ದು ಏನು ಅಂತ ನೋಡೋಣ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯ ಮೆಡಿಕಲ್ ಸೆಂಟರಲ್ಲಿ ಜಾನ್ ಕಬಾಟ್-ಜಿನ್ ಅನ್ನೋರು ಒಂದು ಕ್ಲಿನಿಕ್ ಶುರು ಮಾಡಿದ್ರು. ಅವರು ಡಾಕ್ಟರಲ್ಲ, ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌ಡಿ ಮಾಡಿದ್ದೋರು, ಜೊತೆಗೆ ಬೌದ್ಧ ಧ್ಯಾನ ಕಲಿತಿದ್ದೋರು. ಅವರ ಹತ್ರ ಬರ್ತಿದ್ದೋರಲ್ಲಿ ಬಹಳ ಜನ ವರ್ಷಾನುಗಟ್ಟಲೆ ನೋವಿಂದ ಒದ್ದಾಡಿ, ಮಾತ್ರೆ ನುಂಗಿ ಸಾಕಾದೋರು. ಅವರಿಗೆ ಕಬಾಟ್-ಜಿನ್ ಕೊಟ್ಟಿದ್ದು ಎಂಟು ವಾರದ ಒಂದು ಕೋರ್ಸ್, ಅದರಿಂದ ಧರ್ಮದ ಭಾಗ ತೆಗೆದಿದ್ರು. ವಾರಕ್ಕೊಂದು ಕ್ಲಾಸು, ಅದೇ ಎರಡೂವರೆ ಗಂಟೆ, ಮನೇಲಿ ದಿನಕ್ಕೆ ಮುಕ್ಕಾಲು ಗಂಟೆ ಅಭ್ಯಾಸ, ನಡುವೆ ಒಂದಿಡೀ ದಿನ ಮಾತಿಲ್ಲದೆ ಇರೋದು, ಎದುರಿಗೆ ಒಬ್ಬ ಟೀಚರು. ಮುಂದೆ ಬಂದ ಗಂಭೀರವಾದ ಸಂಶೋಧನೆಯಲ್ಲಿ ದೊಡ್ಡ ಪಾಲು ಈ ಎಂಟು ವಾರದ ಕೋರ್ಸಿನ ಮೇಲೆ, ಇಲ್ಲಾ ಇದನ್ನೇ ನೋಡಿ ಮಾಡಿದ ಬೇರೆ ಕೋರ್ಸುಗಳ ಮೇಲೆ ಆಗಿದ್ದು.

ಆ್ಯಪ್‌ಗಳು ಬಂದಿದ್ದು ಇದಾಗಿ ಮೂವತ್ತು ವರ್ಷದ ಮೇಲೆ. ಹೆಡ್‌ಸ್ಪೇಸ್ ಕಂಪನಿ ಶುರುವಾಗಿದ್ದು 2010ರಲ್ಲಿ, ಕಾಮ್ 2012ರಲ್ಲಿ. ಅಲ್ಲಿ ಮೂರು ನಿಮಿಷದ್ದು, ಐದು ನಿಮಿಷದ್ದು, ಹತ್ತು ನಿಮಿಷದ್ದು ಅಂತ ಸೆಷನ್ ಇರುತ್ತೆ, ಕೆಳಗೆ ‘ಸೈಂಟಿಫಿಕಲಿ ಪ್ರೂವನ್’ ಅಂತ ಸಣ್ಣಕ್ಷರದಲ್ಲಿ ಒಂದು ಸಾಲು. ಪ್ರೂವ್ ಆಗಿರೋದು ಏನು, ಎಷ್ಟು, ಯಾರಲ್ಲಿ ಅಂತ ಯಾರೂ ಕೇಳಲ್ಲ. ದಿನಾ ಮುಕ್ಕಾಲು ಗಂಟೆ ಎಂಟು ವಾರ ಕೂತೋರಿಗೆ ಸಿಕ್ಕಿದ್ದು ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಮೂರು ನಿಮಿಷ ಕೇಳಿದೋರಿಗೂ ಸಿಗುತ್ತೆ ಅನ್ನೋದಕ್ಕೆ ಅಂಥಾ ಗಟ್ಟಿ ಆಧಾರ ಏನಿಲ್ಲ. ಆ್ಯಪ್ ಬಗ್ಗೆನೂ ಸ್ಟಡಿ ಆಗಿವೆ, ಇಲ್ಲ ಅಂತಲ್ಲ, ಆದ್ರೆ ಡೌನ್‌ಲೋಡ್ ಮಾಡ್ಕೊಂಡೋರಲ್ಲಿ ಬಹುಪಾಲು ಜನ ಕೆಲವೇ ವಾರದಲ್ಲಿ ಅದನ್ನ ತೆರೆಯೋದೇ ನಿಲ್ಲಿಸ್ತಾರೆ ಅನ್ನೋದು ಇಂಥ ಎಲ್ಲಾ ಆ್ಯಪ್‌ಗಳ ಕಥೆ.

ಹಾಗಾದ್ರೆ ದಿನಕ್ಕೆ ಮುಕ್ಕಾಲು ಗಂಟೆ ಸಿಗದೋರು ಏನು ಮಾಡ್ಬೇಕು? ನನ್ನ ಪ್ರಕಾರ ಈ ಇಡೀ ಅಭ್ಯಾಸದ ತಿರುಳು ಒಂದೇ ಒಂದು ಸಣ್ಣ ಕೆಲಸ, ಗಮನ ಎಲ್ಲಿಗೋ ಹೋಗಿದೆ ಅಂತ ಗೊತ್ತಾಗೋದು, ಗೊತ್ತಾದ್ಮೇಲೆ ಅದನ್ನ ವಾಪಸ್ ತರೋದು. ಇಷ್ಟಕ್ಕೆ ಚಾಪೆ ಬೇಡ, ಊದುಬತ್ತಿ ಬೇಡ, ಸಬ್‌ಸ್ಕ್ರಿಪ್ಶನ್ ಬೇಡ, ದಿನದ ಯಾವ ಮೂಲೆಯಲ್ಲಾದ್ರೂ ಆಗುತ್ತೆ. ಎಂಟು ವಾರದ ಕೋರ್ಸಿನಷ್ಟು ಫಲ ಕೊಡುತ್ತಾ ಅಂದ್ರೆ ಆ ಭರವಸೆ ಕೊಡಕ್ಕಾಗಲ್ಲ, ಆದ್ರೆ ಶುರು ಮಾಡಕ್ಕೆ ಸಾಕು.

ಮನಸ್ಸು ಎಷ್ಟು ಓಡುತ್ತೆ ಅನ್ನೋದಕ್ಕೆ ಒಂದು ಲೆಕ್ಕ ಇದೆ. 2010ರಲ್ಲಿ ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2,250 ಜನರಿಗೆ ದಿನದಲ್ಲಿ ಯಾವ್ಯಾವಾಗಲೋ ಫೋನಲ್ಲಿ ಪ್ರಶ್ನೆ ಕಳಿಸಿ, ಈಗ ಏನು ಮಾಡ್ತಿದ್ದೀರ, ಏನು ಯೋಚಿಸ್ತಿದ್ದೀರ, ಮನಸ್ಸು ಹೇಗಿದೆ ಅಂತ ಕೇಳಿದ್ರು. ಶೇ. 46.9ರಷ್ಟು ಸಲ ಜನ ಮಾಡ್ತಿದ್ದ ಕೆಲಸ ಒಂದು, ಯೋಚಿಸ್ತಿದ್ದಿದ್ದು ಇನ್ನೊಂದು. ಇನ್ನೂ ಒಂದು ವಿಷಯ ಸಿಕ್ತು, ಮನಸ್ಸು ಬೇರೆಲ್ಲೋ ಇದ್ದಾಗ ಜನ ಖುಷಿಯಾಗಿರೋದು ಕಮ್ಮಿ, ಅದೂ ಬೋರಿನ ಕೆಲಸ ಮಾಡ್ತಿರಲಿ ಇಷ್ಟದ ಕೆಲಸ ಮಾಡ್ತಿರಲಿ ಹಾಗೇನೇ, ಒಳ್ಳೇದನ್ನೇ ನೆನೆಸ್ಕೊಳ್ತಿದ್ರೂ ಕೈಯಲ್ಲಿರೋ ಕೆಲಸದಲ್ಲಿ ಮನಸ್ಸಿಟ್ಟೋರಿಗಿಂತ ಜಾಸ್ತಿ ಖುಷಿ ಏನಿರಲಿಲ್ಲ. ಅಂದ್ರೆ ಅರ್ಧ ಜೀವನ ನಾವು ಎದುರಿಗೆ ಇಲ್ಲದ ಜಾಗದಲ್ಲೇ ಕಳೀತೀವಿ. ಇದರಲ್ಲಿ ನಿಮ್ಮ ತಪ್ಪೇನಿಲ್ಲ. ನಾವು ಏನೂ ಮಾಡದೆ ಸುಮ್ಮನಿದ್ದಾಗ ಮೆದುಳು ಸುಮ್ಮನಿರಲ್ಲ, ಆಗ ಚುರುಕಾಗೋ ಒಂದು ಜಾಲಾನೇ ಇದೆ, 2001ರಲ್ಲಿ ಮಾರ್ಕಸ್ ರೇಕಲ್ ಮತ್ತು ಜೊತೆಯವರು ಅದನ್ನ ಡಿಫಾಲ್ಟ್ ಮೋಡ್ ಅಂತ ಕರೆದ್ರು. ಹಳೇದನ್ನ ಕೆದಕೋದು, ಮುಂದಿಂದಕ್ಕೆ ಪ್ಲ್ಯಾನ್ ಹಾಕೋದು, ನಮ್ಮ ಬಗ್ಗೆ ಯಾರು ಏನಂದ್ಕೊಂಡ್ರೋ ಅಂತ ಲೆಕ್ಕ ಹಾಕೋದು, ಇವೆಲ್ಲಾ ನಡೆಯುವಾಗ ಈ ಜಾಲ ಚುರುಕಾಗಿರುತ್ತೆ, ಅದಿಲ್ಲದೆ ಬದುಕೂ ನಡೆಯಲ್ಲ.

ಸುಮ್ಮನೆ ಕೂರೋದು ಎಷ್ಟು ಕಷ್ಟ ಅನ್ನೋದಕ್ಕೆ ಇನ್ನೊಂದು ಪ್ರಯೋಗ ಇದೆ, ನಗೂ ಬರುತ್ತೆ ಸ್ವಲ್ಪ ಭಯಾನೂ ಆಗುತ್ತೆ. 2014ರಲ್ಲಿ ವರ್ಜೀನಿಯಾ ಯೂನಿವರ್ಸಿಟಿಯ ಟಿಮೊಥಿ ವಿಲ್ಸನ್ ಮತ್ತು ಜೊತೆಯವರು ಜನರನ್ನ ಖಾಲಿ ರೂಮಲ್ಲಿ 15 ನಿಮಿಷ ಒಬ್ಬೊಬ್ಬರನ್ನೇ ಕೂರಿಸಿದ್ರು, ಫೋನಿಲ್ಲ, ಪುಸ್ತಕ ಇಲ್ಲ, ಇದ್ದಿದ್ದು ಒತ್ತಿದ್ರೆ ಕರೆಂಟ್ ಹೊಡೆಯೋ ಒಂದು ಬಟನ್ ಮಾತ್ರ. ಆ ಶಾಕ್ ಮೊದಲೇ ಒಂದ್ಸಲ ತಿಂದು, ಇದು ಬೇಡಪ್ಪಾ, ತಪ್ಪಿಸ್ಕೊಳ್ಳಕ್ಕೆ ದುಡ್ಡು ಬೇಕಾದ್ರೂ ಕೊಡ್ತೀನಿ ಅಂದಿದ್ದ ಜನಾನೇ ಇವರು. ಆದ್ರೂ 18 ಗಂಡಸರಲ್ಲಿ 12 ಜನ, 24 ಹೆಂಗಸರಲ್ಲಿ 6 ಜನ ಒಂದ್ಸಲನಾದ್ರೂ ಬಟನ್ ಒತ್ತಿಕೊಂಡ್ರು. ಇವರಿಗೆ ಹೋಲಿಸಿದ್ರೆ ಹತ್ತು ನಿಮಿಷ ಕೂರಕ್ಕಾಗದೆ ಎದ್ದು ಬಂದ ನೀವು ಎಷ್ಟೋ ವಾಸಿ.

ಈಗ ಒಂದು ನಿಮಿಷ ಕೂತಾಗ ಏನಾಗುತ್ತೆ ಅಂತ ಹತ್ತಿರದಿಂದ ನೋಡೋಣ, ಯಾಕಂದ್ರೆ ಹೊಸಬರು ಬಿಡೋದು ಇಲ್ಲೇ. ಉಸಿರಿನ ಮೇಲೆ ಗಮನ ಇಟ್ರಿ. ಮೂಗಿನ ಹೊಳ್ಳೆ ಹತ್ರ ಒಳಗೆ ಹೋಗೋ ಗಾಳಿ ಸ್ವಲ್ಪ ತಣ್ಣಗಿದೆ, ಹೊರಗೆ ಬರೋದು ಸ್ವಲ್ಪ ಬೆಚ್ಚಗಿದೆ. ಒಂದು ಉಸಿರು ಸರಿ ಹೋಯ್ತು, ಎರಡನೇದೂ ಸರಿ, ಮೂರನೇದರ ಅರ್ಧಕ್ಕೆ ನಾಳೆ ಕಟ್ಟಬೇಕಾದ ಬಿಲ್ ನೆನಪಾಯ್ತು, ಬಿಲ್ಲಿಂದ ಅಕೌಂಟಲ್ಲಿ ಎಷ್ಟಿದೆ ಅನ್ನೋ ಲೆಕ್ಕ, ಅಲ್ಲಿಂದ ಸಾಲ ತಗೊಂಡು ಮಾತೇ ಎತ್ತದ ಫ್ರೆಂಡು, ಅವನು ಎದುರಿಗೆ ಸಿಕ್ರೆ ಏನನ್ಬೇಕು, ಅವನು ಅದಕ್ಕೆ ಏನಂತಾನೆ, ಅದಕ್ಕೆ ನಾನೇನು ತಿರುಗಿಸಿ ಹೇಳ್ಬೇಕು, ಇಷ್ಟೊತ್ತಿಗೆ ಹಲ್ಲು ಕಚ್ಚಿ ಹಿಡಿದಾಗಿದೆ, ಆಮೇಲೆ ಯಾವಾಗಲೋ ‘ಅಯ್ಯೋ, ಉಸಿರು ನೋಡ್ತಿದ್ದೆ ಅಲ್ವಾ’ ಅಂತ ಜ್ಞಾಪಕ ಬಂತು. ಬಹಳ ಜನ ಈ ಜಾಗದಲ್ಲಿ ಸೋತೆ ಅಂದ್ಕೊಳ್ತಾರೆ. ನಿಜಕ್ಕೂ ಅಭ್ಯಾಸ ನಡೆದಿದ್ದು ಆ ‘ಅಯ್ಯೋ’ ಅಂದ ಕ್ಷಣದಲ್ಲಿ. ಹಗ್ಗ ಬಿಚ್ಚಿದ ಕರು ಓಡೇ ಓಡುತ್ತೆ, ಹೋಗಿ ಹಿಡ್ಕೊಂಡು ಬರೋದಷ್ಟೇ ನಿಮ್ಮ ಕೆಲಸ, ನಿಮಿಷಕ್ಕೆ ಹತ್ತು ಸಲ ಓಡಿದ್ರೆ ಹತ್ತು ಸಲ ಕರ್ಕೊಂಡು ಬಂದ್ರಿ ಅಂತ ಅರ್ಥ. ಕರ್ಕೊಂಡು ಬರುವಾಗ ಬೈಯ್ಯಬೇಡಿ, ‘ಥೂ ನಂಗೆ ಇಷ್ಟೂ ಆಗಲ್ವಾ’ ಅನ್ನೋದೂ ಬಿಲ್ಲಿನ ಥರಾನೇ ಇನ್ನೊಂದು ಯೋಚನೆ, ಅದರ ಹಿಂದೆ ಹೋದ್ರೆ ಇನ್ನೊಂದು ಸುತ್ತು.

ಮನಸ್ಸು ಖಾಲಿ ಮಾಡೋದು, ಒಳ್ಳೊಳ್ಳೇದೇ ಯೋಚಿಸೋದು, ಎಲ್ಲಾ ಕೆಲಸ ನಿಧಾನವಾಗಿ ಮಾಡೋದು, ಯಾವಾಗಲೂ ಕೂಲಾಗಿರೋದು, ಇದ್ಯಾವುದೂ ಮೈಂಡ್‌ಫುಲ್‌ನೆಸ್ ಅಲ್ಲ. ಬಸ್ ತಪ್ಪಿಹೋಗ್ತಿದೆ ಅಂತ ಓಡ್ತಾನೂ ಮೈಂಡ್‌ಫುಲ್ ಆಗಿರಬಹುದು.

ಇನ್ನು ದಿನದ ಬದುಕಿಗೆ ತರೋದು. ಇದೇನು ಆ್ಯಪ್ ಕಾಲದಲ್ಲಿ ಹುಟ್ಟಿದ ಐಡಿಯಾ ಅಲ್ಲ. ಪಾಳಿ ಭಾಷೆಯ ಸತಿಪಟ್ಠಾನ ಸುತ್ತ ಅನ್ನೋ ಹಳೇ ಬೌದ್ಧ ಉಪದೇಶದಲ್ಲಿ ಉಸಿರಿನ ಜೊತೆಗೇ ನಡೆಯೋದು, ನಿಲ್ಲೋದು, ಕೂರೋದು, ಮಲಗೋದು, ಕೈಕಾಲು ಮಡಚೋದು ಚಾಚೋದು, ಬಟ್ಟೆ ಹಾಕೋದು, ತಿನ್ನೋದು ಕುಡಿಯೋದು, ಕೊನೆಗೆ ಮಲಮೂತ್ರಕ್ಕೆ ಹೋಗೋದನ್ನೂ ಪಟ್ಟಿ ಮಾಡಿ, ಇದನ್ನೆಲ್ಲಾ ಎಚ್ಚರದಿಂದ ಮಾಡು ಅಂತ ಹೇಳಿದೆ. ಟಾಯ್ಲೆಟ್ಟಿಗೆ ಫೋನ್ ತಗೊಂಡು ಹೋಗೋ ನಮಗೆ ಆ ಕೊನೇ ಐಟಂ ಒಂದೇ ಸಾಕೇನೋ.

ಹೊಸಬರು ಮಾಡೋ ಎಡವಟ್ಟು ಅಂದ್ರೆ ‘ಇವತ್ತಿಂದ ಎಲ್ಲಾ ಕೆಲಸಾನೂ ಮೈಂಡ್‌ಫುಲ್ ಆಗಿ ಮಾಡ್ತೀನಿ’ ಅಂತ ಹೊರಡೋದು, ಅದು ಮಧ್ಯಾಹ್ನದ ಹೊತ್ತಿಗೆ ಮರೆತೇ ಹೋಗಿರುತ್ತೆ. ಒಂದೇ ಒಂದು ಕೆಲಸ ಆರಿಸ್ಕೊಳ್ಳಿ, ಹೇಗೂ ದಿನಾ ಮಾಡ್ಲೇಬೇಕಾದ್ದು, ಶುರು ಎಲ್ಲಿ ಮುಗಿಯೋದೆಲ್ಲಿ ಅಂತ ಕಾಣೋವಂಥದ್ದು, ಅಷ್ಟೇನೂ ತಲೆ ಓಡಿಸೋದು ಬೇಡದೇ ಇರೋದು. ಹಲ್ಲುಜ್ಜೋದು, ಮೆಟ್ಟಿಲು ಹತ್ತೋದು, ಸ್ನಾನ, ಪಾತ್ರೆ ತೊಳೆಯೋದು. ಪಾತ್ರೆ ತೊಳೆಯೋದರ ಬಗ್ಗೆ 2015ರಲ್ಲಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ 51 ಸ್ಟೂಡೆಂಟ್‌ಗಳ ಮೇಲೆ ಒಂದು ಸ್ಟಡೀನೇ ಆಗಿದೆ, ಕೆಲವರಿಗೆ ಸೋಪಿನ ವಾಸನೆ, ನೀರಿನ ಬಿಸಿ, ಕೈಗೆ ಸಿಗೋ ತಟ್ಟೆ ಇವುಗಳ ಕಡೆ ಗಮನ ಇಟ್ಟು ತೊಳೀರಿ ಅಂತ, ಉಳಿದೋರಿಗೆ ಪಾತ್ರೆ ತೊಳೆಯೋ ಸರಿಯಾದ ಕ್ರಮ ಏನು ಅಂತ ಓದಕ್ಕೆ ಕೊಟ್ಟಿದ್ರು. ಮೊದಲನೇ ಗುಂಪಿನೋರಲ್ಲಿ ತಳಮಳ ಕಮ್ಮಿ ಆಗಿತ್ತು, ಎರಡನೇ ಗುಂಪಲ್ಲಿ ಅಂಥಾ ಬದಲಾವಣೆ ಇರಲಿಲ್ಲ. ಪುಟ್ಟ ಸ್ಟಡಿ, ಅದರ ಮೇಲೆ ಮನೆ ಕಟ್ಟಕ್ಕಾಗಲ್ಲ, ಆದ್ರೆ ಪ್ರಯತ್ನಕ್ಕೆ ಖರ್ಚೇನೂ ಇಲ್ಲ, ಪಾತ್ರೆ ಹೇಗೂ ತೊಳೀಲೇಬೇಕು.

ಎಷ್ಟು ದಿನಕ್ಕೆ ಅಭ್ಯಾಸ ಆಗುತ್ತೆ? 21 ದಿನ ಅಂತ ಎಲ್ಲರೂ ಹೇಳ್ತಾರೆ, ಅದಕ್ಕೆ ಬುಡ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರನ್ನ ನೋಡಿ 2009ರಲ್ಲಿ ಹೇಳಿದ್ದು ಏನಂದ್ರೆ ಹೊಸ ಕೆಲಸ ತಾನಾಗೇ ಆಗೋ ಅಭ್ಯಾಸ ಆಗಕ್ಕೆ 18 ದಿನದಿಂದ 254 ದಿನದ ತನಕ ಬೇಕಾಗಬಹುದು, ನಡುವಿನ ಲೆಕ್ಕ 66 ದಿನ. ಮಧ್ಯೆ ಒಂದು ದಿನ ತಪ್ಪಿದ್ರೆ ಅಂಥಾ ನಷ್ಟ ಏನಿಲ್ಲ ಅಂತಾನೂ ಅವರಿಗೆ ಕಂಡಿದೆ. ಹಾಗಾಗಿ ಆ್ಯಪಲ್ಲಿ ಸ್ಟ್ರೀಕ್ (ಒಂದು ದಿನಾನೂ ಬಿಡದೆ ಎಷ್ಟು ದಿನ ಮಾಡಿದ್ರಿ ಅನ್ನೋ ಲೆಕ್ಕ) ಹೋಯ್ತು ಅಂತ ಬೇಜಾರು ಮಾಡ್ಕೊಂಡು ಬಿಡೋದು ಬೇಡ. ಮನಸ್ಸಿನ ಸಮಾಧಾನಕ್ಕೆ ಅಂತ ಮಾಡಿದ ಆ್ಯಪ್ಪೇ ಸ್ಟ್ರೀಕ್ ಇಟ್ಟು ಟೆನ್ಶನ್ ಕೊಡುತ್ತಲ್ಲ, ಅದು ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಫೋನ್ ವಿಷಯ ಬಂತು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅಂತ ನಾನಂತೂ ಹೇಳ್ತೀನಿ, ಯಾಕಂದ್ರೆ ದಿನಕ್ಕೆ ಎಷ್ಟು ಸಲ ಕೈಗೆ ತಗೋತೀವೋ ಅಷ್ಟು ಸಲ ಚಾನ್ಸ್ ಸಿಗುತ್ತೆ. ಫೋನ್ ಬಿಡಿ ಅಂತ ಹೇಳ್ತಿಲ್ಲ, ನೋಡಬೇಕಿರೋದು ತಗೊಳ್ಳೋಕ್ಕಿಂತ ಮುಂಚಿನ ಆ ಎರಡು ಸೆಕೆಂಡ್. ಒಂದು ಇಮೇಲ್ ಬರೀತಾ ಇದ್ದೀರ, ಮೂರನೇ ಸಾಲಲ್ಲಿ ಏನು ಬರೀಬೇಕು ಅಂತ ತೋಚಲಿಲ್ಲ, ಅಷ್ಟರಲ್ಲಿ ಕೈ ತಾನಾಗೇ ಟೇಬಲ್ ಮೇಲಿರೋ ಫೋನ್ ಕಡೆ ಹೋಗಿದೆ, ಹೆಬ್ಬೆರಳು ಲಾಕ್ ತೆಗೆದಾಗಿದೆ, ನೋಟಿಫಿಕೇಶನ್ ಕೂಡ ಏನೂ ಬಂದಿರಲಿಲ್ಲ. ಅಲ್ಲೇ ಕೈ ನಿಲ್ಲಿಸಿ ಕೇಳಿಕೊಂಡ್ರೆ ಗೊತ್ತಾಗುತ್ತೆ, ಎದೆ ಹತ್ರ ಒಂದು ಸಣ್ಣ ಕಿರಿಕಿರಿ ಇತ್ತು, ಆ ಸಾಲು ಬರೆಯೋ ಕಷ್ಟದಿಂದ ತಪ್ಪಿಸ್ಕೊಳ್ಳಕ್ಕೆ ಕೈ ಹೊರಟಿತ್ತು. ಗೊತ್ತಾದ ಮೇಲೂ ಫೋನ್ ನೋಡಬೇಕು ಅನ್ಸಿದ್ರೆ ನೋಡಿ, ಪರವಾಗಿಲ್ಲ. ಕೆಲವು ಸಲ ಗೊತ್ತಾಗಿದ್ದಷ್ಟಕ್ಕೇ ಕೈ ವಾಪಸ್ ಬರುತ್ತೆ, ಬರದೇ ಇದ್ರೂ ಯಾವುದರಿಂದ ಓಡ್ತಿದ್ದೀನಿ ಅನ್ನೋ ಮಾಹಿತಿ ಸಿಕ್ಕಿತಲ್ಲ.

ಕೋಪದ ವಿಷಯದಲ್ಲೂ ಇದೇ. ಫ್ಯಾಮಿಲಿ ಗ್ರೂಪಲ್ಲಿ ಯಾರೋ ಚುಚ್ಚಿ ಮೆಸೇಜ್ ಹಾಕಿದ್ರು ಅಂದ್ಕೊಳ್ಳಿ, ಓದಿ ಮುಗಿಸೋದರೊಳಗೆ ಕಿವಿ ಬಿಸಿಯಾಗಿ, ದವಡೆ ಬಿಗಿದು, ಉಸಿರು ಮೇಲೇ ನಿಂತಿರುತ್ತೆ, ತಲೆಗೆ ಗೊತ್ತಾಗೋಕ್ಕೆ ಮುಂಚೆ ಮೈಗೆ ಗೊತ್ತಾಗಿರುತ್ತೆ. ಮೈ ಕೊಡೋ ಈ ಸಿಗ್ನಲ್ ಗುರುತು ಹಿಡಿಯೋದು ಕಲಿತ್ರೆ, ಬೆರಳು ಟೈಪ್ ಮಾಡೋಕ್ಕೆ ಮುಂಚೆ ಒಂದು ಚೂರು ಟೈಮ್ ಸಿಗುತ್ತೆ. ಆ ಟೈಮಲ್ಲಿ ‘ಕೋಪ ಬರ್ತಿದೆ’ ಅಂತ ಮನಸ್ಸಲ್ಲೇ ಹೆಸರಿಟ್ಟು ಹೇಳ್ಕೊಳ್ಳೋದು ಕೆಲಸಕ್ಕೆ ಬರುತ್ತೆ. 2007ರಲ್ಲಿ ಅಮೆರಿಕದ ಯುಸಿಎಲ್‌ಎ ಯೂನಿವರ್ಸಿಟಿಯ ಮ್ಯಾಥ್ಯೂ ಲೀಬರ್‌ಮನ್ ತಂಡದೋರು ಮೆದುಳು ಸ್ಕ್ಯಾನ್ ಮಾಡಿ ನೋಡಿದಾಗ, ಫೋಟೋದಲ್ಲಿರೋ ಮುಖದ ಭಾವನೆಗೆ ಹೆಸರು ಕೊಟ್ಟಾಗ ಭಯ ಆತಂಕಕ್ಕೆ ಸಂಬಂಧಪಟ್ಟ ಅಮಿಗ್ಡಲಾ ಅನ್ನೋ ಭಾಗದ ಅಬ್ಬರ ಇಳಿದಿತ್ತು. ಜೊತೆಗೆ ಉಸಿರನ್ನ ಉದ್ದವಾಗಿ ಹೊರಗೆ ಬಿಡಿ, ಹೊರಗೆ ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನ ಆಗೋದು ದೇಹದ ಸಹಜ ಲೆಕ್ಕ. ಆಮೇಲೆ ಉತ್ತರ ಕೊಡಿ, ಖಾರವಾಗೇ ಕೊಡಬೇಕು ಅನ್ಸಿದ್ರೂ ಕೊಡಿ, ಆಗ ಅದು ನೀವು ಯೋಚಿಸಿ ಕೊಟ್ಟ ಉತ್ತರ ಆಗಿರುತ್ತೆ.

ಇನ್ನು ಲಾಭದ ಲೆಕ್ಕ, ಇಲ್ಲಿ ಜಾಹೀರಾತಿಗೂ ನಿಜಕ್ಕೂ ಇರೋ ದೂರ ಜಾಸ್ತಿ. 2014ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 47 ಪ್ರಯೋಗ, 3,515 ಜನರ ಮಾಹಿತಿ ಒಟ್ಟಿಗೆ ಇಟ್ಟು ನೋಡಿದ ಒಂದು ವರದಿ ಬಂತು. ಆತಂಕ, ಖಿನ್ನತೆ, ನೋವು ಈ ಮೂರರಲ್ಲಿ ಸಾಧಾರಣ ಮಟ್ಟದ ಉಪಯೋಗಕ್ಕೆ ಆಧಾರ ಸಿಕ್ತು. ನಿದ್ದೆ, ಗಮನ, ತೂಕ ಇಂಥದ್ದಕ್ಕೆ ಆಧಾರ ಸಾಲಲಿಲ್ಲ, ವ್ಯಾಯಾಮ ಅಥವಾ ಬೇರೆ ಚಿಕಿತ್ಸೆಗಿಂತ ಧ್ಯಾನ ಹೆಚ್ಚು ಅನ್ನೋದಕ್ಕಂತೂ ಏನೂ ಸಿಗಲಿಲ್ಲ. ದಿನಾ ವಾಕಿಂಗ್ ಹೋಗಿ ನೆಮ್ಮದಿಯಾಗಿರೋರು ಅದನ್ನ ಬಿಟ್ಟು ಇದಕ್ಕೆ ಬರೋ ಕಾರಣ ಇಲ್ಲ ಅಂತ ನಾನು ಇದನ್ನ ಓದ್ಕೊಳ್ತೀನಿ. 2022ರಲ್ಲಿ ಆತಂಕದ ಕಾಯಿಲೆ ಇರೋ 276 ಜನರಲ್ಲಿ ಅರ್ಧ ಜನಕ್ಕೆ ಎಸಿಟಲೋಪ್ರಾಮ್ ಮಾತ್ರೆ, ಇನ್ನರ್ಧ ಜನಕ್ಕೆ ಎಂಟು ವಾರದ ಕೋರ್ಸ್ ಕೊಟ್ಟು ನೋಡಿದಾಗ ಕೋರ್ಸ್ ಮಾತ್ರೆಗಿಂತ ಹಿಂದೆ ಬೀಳಲಿಲ್ಲ, ಇದು ಸಣ್ಣ ಮಾತಲ್ಲ. ಪದೇ ಪದೇ ಖಿನ್ನತೆ ಬರೋರಿಗೆ ಅಂತಾನೇ ಮಾಡಿದ ಇನ್ನೊಂದು ಕೋರ್ಸನ್ನ ಯಾವ ಚಿಕಿತ್ಸೆ ಕೊಡಬಹುದು ಅಂತ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ 2004ರಲ್ಲೇ ಶಿಫಾರಸು ಮಾಡಿದೆ. ಇನ್ನೊಂದು ಕಡೆ, ಎಂಟು ವಾರದಲ್ಲಿ ಮೆದುಳಿನ ರಚನೆಯೇ ಬದಲಾಗುತ್ತೆ ಅಂತ 2011ರಲ್ಲಿ ದೊಡ್ಡ ಸುದ್ದಿ ಆಯ್ತಲ್ಲ, ಆ ಸ್ಟಡಿಯಲ್ಲಿ ಕೋರ್ಸ್ ಮಾಡಿದ್ದೋರು ಇದ್ದಿದ್ದೇ 16 ಜನ. 2022ರಲ್ಲಿ ಇನ್ನೂರಕ್ಕೂ ಹೆಚ್ಚು ಜನರಲ್ಲಿ ಮತ್ತೆ ನೋಡಿದಾಗ ಅಂಥಾ ಬದಲಾವಣೆ ಕಾಣಲಿಲ್ಲ. ಅದೇ ವರ್ಷ ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸ್ಕೂಲ್ ಮಕ್ಕಳ ಮೇಲಾದ ಪ್ರಯೋಗದ ಫಲಿತಾಂಶ ಬಂತು, ಮೈಂಡ್‌ಫುಲ್‌ನೆಸ್ ಪಾಠ ಕೇಳಿದೋರಿಗೂ ಮಾಮೂಲಿ ಪಾಠ ಕೇಳಿದೋರಿಗೂ ವ್ಯತ್ಯಾಸ ಇರಲಿಲ್ಲ, ಹೆಚ್ಚಿನ ಮಕ್ಕಳು ಮನೇಲಿ ಅಭ್ಯಾಸಾನೇ ಮಾಡ್ತಿರಲಿಲ್ಲ. ಬಲವಂತಕ್ಕೆ ಕಣ್ಣು ಮುಚ್ಚಿಸಿದ್ರೆ ಮಕ್ಕಳು ಕಣ್ಣು ಮುಚ್ಚಿ ಆಟದ ಬಗ್ಗೆ ಯೋಚಿಸ್ತಾರೆ, ಅದರಲ್ಲಿ ಆಶ್ಚರ್ಯ ಏನಿದೆ.

ಎಲ್ಲರಿಗೂ ಹಿತವಾಗೇ ಇರುತ್ತೆ ಅಂತಾನೂ ಇಲ್ಲ. ಕೆಲವರಿಗೆ ಕೂತಾಗ ಆತಂಕ ಜಾಸ್ತಿ ಆಗುತ್ತೆ, ಹಿಂದೆ ದೊಡ್ಡ ಆಘಾತ ಆಗಿರೋರಿಗೆ ಆ ನೆನಪುಗಳು ನುಗ್ಗಿ ಬರಬಹುದು, ಪ್ಯಾನಿಕ್ ಬರೋರಿಗೆ ಉಸಿರು ನೋಡೋದೇ ಉಸಿರು ಕಟ್ಟಿದ ಹಾಗೆ ಆಗುತ್ತೆ. ಅಂಥೋರು ಕಣ್ಣು ತೆರೆದೇ ಇಟ್ಕೊಂಡು, ಉಸಿರಿನ ಬದಲು ನೆಲಕ್ಕೆ ತಾಕಿರೋ ಪಾದದ ಮೇಲೋ ಕಿವಿಗೆ ಬೀಳೋ ಶಬ್ದದ ಮೇಲೋ ಗಮನ ಇಡಬಹುದು, ಅದೂ ಹಿಂಸೆ ಅನ್ಸಿದ್ರೆ ನಿಲ್ಲಿಸಬೇಕು, ಮುಂದುವರಿಸಿದ್ರೆ ಸರಿಹೋಗುತ್ತೆ ಅನ್ನೋರ ಮಾತು ಕೇಳಬಾರದು. ಡಾಕ್ಟರ್ ಕೊಟ್ಟ ಮಾತ್ರೆನ ಇದನ್ನ ನಂಬ್ಕೊಂಡು ಬಿಡಲೇಬೇಡಿ. ಬದುಕೇ ಬೇಡ ಅನ್ನೋ ಯೋಚನೆ ಬರ್ತಿದ್ರೆ ಅದು ಒಬ್ರೇ ಕೂತು ಉಸಿರು ನೋಡೋ ಸಮಯ ಅಲ್ಲ, ತಕ್ಷಣ ಡಾಕ್ಟರ್ ಹತ್ರ ಹೋಗಿ, ಹತ್ತಿರದೋರಿಗೆ ಹೇಳಿ.

ಕೊನೇದಾಗಿ ಆ ಶುಕ್ರವಾರದ ಸೆಷನ್ ವಿಷಯ. ಕಂಪನಿಗಳಿಗೆ ಇದು ಯಾಕೆ ಇಷ್ಟ ಅಂದ್ರೆ ಅಗ್ಗ, ಮತ್ತೆ ಸಮಸ್ಯೆ ನಿಮ್ಮ ಮನಸ್ಸಲ್ಲಿದೆ ಅಂತ ಯಾರೂ ಬಾಯಿಬಿಟ್ಟು ಹೇಳದೇನೇ ಹೇಳಿದ ಹಾಗಾಗುತ್ತೆ. ಇಬ್ಬರು ಮಾಡೋ ಕೆಲಸ ಒಬ್ಬರ ತಲೆ ಮೇಲೆ ಹಾಕಿ, ಉಸಿರಾಡೋದು ಹೇಗೆ ಅಂತ ಕಲಿಸೋದು. ವಿಚಿತ್ರ ಏನಂದ್ರೆ ಅಭ್ಯಾಸ ಸರಿಯಾಗಿ ಹಿಡಿದ್ರೆ ಅದು ಕಂಪನಿಗೇ ತಿರುಗಿ ಬೀಳಬಹುದು, ಯಾಕಂದ್ರೆ ಭಾನುವಾರ ಸಂಜೆ ಲ್ಯಾಪ್‌ಟಾಪ್ ನೋಡಿದ ತಕ್ಷಣ ಹೊಟ್ಟೆಯಲ್ಲಿ ಹಿಂಡಿದ ಹಾಗಾಗೋದು ಮುಂಚೆ ಗಮನಕ್ಕೇ ಬರ್ತಿರಲಿಲ್ಲ, ಈಗ ಬರುತ್ತೆ. ಪ್ರತಿ ವಾರ ಅದೇ ಹೊತ್ತಿಗೆ ಅದೇ ಸಂಕಟ ಆಗ್ತಿದ್ರೆ, ಇನ್ನೊಂದು ಸೆಷನ್‌ಗೆ ಹೆಸರು ಕೊಡೋಕ್ಕಿಂತ ಸೋಮವಾರ ಮ್ಯಾನೇಜರ್ ಹತ್ರ ಹೋಗಿ, ಈ ತಿಂಗಳ ಡೆಡ್‌ಲೈನ್‌ಗಳಲ್ಲಿ ಯಾವುದನ್ನ ಮುಂದೆ ಹಾಕೋಣ ಅಂತ ಕೇಳೋದು ವಾಸಿ.